ಎಳ್ಳ ಅಮಾಸಿಗಿ ಊರಿಗಿ ಬರಬೇಕಾದ್ರ ಡ್ಯೂಟಿ ಅದಲು ಬದಲು ಹೆಂಗ? (ಕ್ಯಾಬಿನ್ ಕ್ರೂ, ಹೈದ್ರಾಬಾದ್ ಬೇಸ್)

ಆಳಂದ_ಎ320

ಎಲ್ಲರಿಗೂ ಶರಣು. ಹೈದ್ರಾಬಾದ್ ಬೇಸ್, ಎ320 ವಿಮಾನ, ಟ್ರೇನಿಂಗ್ ಮುಗಿಸಿ ಲೈನಿಗಿ ಬಂದು ಐದು ತಿಂಗಳು. ಮನಿ ಆಳಂದ ತಾಲೂಕದಾಗ. ಎಳ್ಳ ಅಮಾಸಿ ದಿನ ಚರಗ ಚೆಲ್ಲೋ ಹೊತ್ತಿಗಿ ಹೊಲದಾಗ ಇರಬೇಕು. ಅಮಾಸಿ ಮಂಗಳವಾರ ಅದ. ರೋಸ್ಟರ್ ಹಿಂಗ ಬಂದದ:

ಸೋಮವಾರ ನಾಲ್ಕು ಸೆಕ್ಟರ್ (ನಾಲ್ಕು ಹಾರಾಟ), ರಾತ್ರಿ 22:50ಕ್ಕ ಸೈನ್ ಆಫ್ (ಡ್ಯೂಟಿ ಮುಗಿಯೋದು).
ಮಂಗಳವಾರ ಮನಿ ಸ್ಟ್ಯಾಂಡ್‌ಬೈ (ಕರದ್ರ ಡ್ಯೂಟಿಗಿ ಹೋಗಬೇಕು), 10ರಿಂದ 18.
ಬುಧವಾರ, ಗುರುವಾರ ಆಫ್.
ಶುಕ್ರವಾರ 05:10 ಸೈನ್ ಆನ್ (ಡ್ಯೂಟಿ ಶುರು), ದೆಹಲಿ ಹೋಗಿ ಬರೋದು.

ನನ್ನ ಬ್ಯಾಚಿನಾಕಿಗಿ ಮಂಗಳವಾರ ಆಫ್ ಅದ, ಗುರುವಾರ 14:00 ಸೈನ್ ಆನ್, ರಾತ್ರಿ 00:20ಕ್ಕ ಸೈನ್ ಆಫ್. ನನ್ನ ಸ್ಟ್ಯಾಂಡ್‌ಬೈ ಆಕಿ ತಗೋತಾಳ, ಆಕಿ ಗುರುವಾರ ನಾ ಮಾಡ್ತೀನಿ. ಇಬ್ಬರೂ ಒಪ್ಪೀವಿ. ಆದ್ರ ಪೋರ್ಟಲ್‌ನಾಗ ಹಾಕಿದ ಕೂಡ್ಲೆ ಕೆಂಪು ಬರ್ತದ, ಕಾರಣ ಹೇಳಂಗಿಲ್ಲ. ಎಲ್ಲಿ ತಪ್ಪಾಗ್ಲತ್ತದ?

ರೋಸ್ಟರ್_ಲೆಕ್ಕ

ಕಾರಣ ನಿಮ್ಮ ಶುಕ್ರವಾರದಲ್ಲಿದೆ. ಗುರುವಾರದ ಡ್ಯೂಟಿ ಮುಗಿಯುವುದು ಶುಕ್ರವಾರ 00:20ಕ್ಕೆ, ಮುಂದಿನ ಸೈನ್ ಆನ್ 05:10ಕ್ಕೆ. ನಡುವೆ 4 ಗಂಟೆ 50 ನಿಮಿಷ. ಎರಡು ಡ್ಯೂಟಿಗಳ ನಡುವೆ ಬೇಕಾದದ್ದು 12 ಗಂಟೆ, ಅಥವಾ ಹಿಂದಿನ ಡ್ಯೂಟಿ ಎಷ್ಟು ಉದ್ದವಿತ್ತೋ ಅಷ್ಟು; ಯಾವುದು ಹೆಚ್ಚೋ ಅದು.

ಹೊಸಬರು ಕೊಡುವ ದಿನ ಮತ್ತು ತೆಗೆದುಕೊಳ್ಳುವ ದಿನ, ಎರಡನ್ನೇ ನೋಡುತ್ತಾರೆ. ಸಾಫ್ಟ್‌ವೇರ್ ನೋಡುವುದು ಆ ದಿನಗಳ ಹಿಂದೆ ಮುಂದೆ ಏನಿದೆ ಅಂತ. ಅದೂ ಇಬ್ಬರ ರೋಸ್ಟರಿನಲ್ಲೂ. ಒಬ್ಬರದು ಸರಿಯಿದ್ದು ಇನ್ನೊಬ್ಬರದು ತಪ್ಪಿದ್ದರೂ ಕೆಂಪೇ. ಹಾಗಾಗಿ ಶುಕ್ರವಾರ ಸರಿಮಾಡಿಕೊಂಡರೆ ಮುಗಿಯಿತು ಅನ್ನಬೇಡಿ. ನಿಮ್ಮ ಗೆಳತಿಯ ಸೋಮವಾರದಿಂದ ಶುಕ್ರವಾರದ ತನಕದ ಸಮಯ ಹಾಕಿ, ಹಿಂದಿನ ವೀಕ್ಲಿ ರೆಸ್ಟ್ (ವಾರದ ಕಡ್ಡಾಯ ಬಿಡುವು) ಯಾವಾಗ ಮುಗಿಯಿತು ಅನ್ನುವುದನ್ನೂ ಹೇಳಿ.

ಅಷ್ಟರಲ್ಲಿ ವೀಕ್ಲಿ ರೆಸ್ಟ್ ಲೆಕ್ಕ ತಿಳಿದುಕೊಳ್ಳಿ, ಸ್ವಾಪ್ (ಅದಲು ಬದಲು) ಹೆಚ್ಚಾಗಿ ಸಾಯುವುದು ಇಲ್ಲೇ. ಒಂದೇ ಪಟ್ಟಿಗೆ 36 ಗಂಟೆ ಬಿಡುವು, ಅದರೊಳಗೆ ಎರಡು ಸ್ಥಳೀಯ ರಾತ್ರಿ. ಒಂದು ವೀಕ್ಲಿ ರೆಸ್ಟ್ ಮುಗಿದ 168 ಗಂಟೆಯೊಳಗೆ ಮುಂದಿನದು ಶುರುವಾಗಬೇಕು. ಸ್ಥಳೀಯ ರಾತ್ರಿ ಅಂದರೆ 22:00ರಿಂದ 08:00ರ ಒಳಗೆ ಬೀಳುವ ಪೂರ್ತಿ 8 ಗಂಟೆ. ಇದರ ಅರ್ಥ, ಸೈನ್ ಆಫ್ 00:00 ದಾಟಿದರೆ ಆ ರಾತ್ರಿ ಲೆಕ್ಕಕ್ಕಿಲ್ಲ, ಏಕೆಂದರೆ ಬೆಳಗಿನ 08:00ರ ತನಕ 8 ಗಂಟೆ ಉಳಿಯುವುದಿಲ್ಲ. ಅದೇ ರೀತಿ ಕೊನೆಯ ರಾತ್ರಿ ಲೆಕ್ಕಕ್ಕೆ ಸಿಗಬೇಕಾದರೆ ಸೈನ್ ಆನ್ 06:00ಕ್ಕಿಂತ ಮೊದಲು ಇರಬಾರದು. ಮಂಗಳವಾರ 00:30ಕ್ಕೆ ಮುಗಿಸಿದವರಿಗೆ 36 ಗಂಟೆ ಬುಧವಾರ 12:30ಕ್ಕೇ ತುಂಬುತ್ತದೆ, ಆದರೆ ಎರಡನೇ ರಾತ್ರಿ ಸಿಗಲು ಗುರುವಾರ 06:00ರ ತನಕ ಕಾಯಬೇಕು. ಅರ್ಧ ಗಂಟೆಯ ತಡಕ್ಕೆ ಹದಿನೇಳೂವರೆ ಗಂಟೆ ದಂಡ!

ಇನ್ನೊಂದು. ಪೈಲಟ್‌ಗಳಿಗೆ 2025ರಿಂದ ವೀಕ್ಲಿ ರೆಸ್ಟ್ 48 ಗಂಟೆ ಆಗಿದೆ. ಕ್ಯಾಬಿನ್ ಕ್ರೂ ನಿಯಮ ಬೇರೆ, ಎರಡನ್ನೂ ಕಲಸಬೇಡಿ. ನಿಮ್ಮ ಕಂಪನಿಯ ಮ್ಯಾನ್ಯುಯಲ್ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಕೊನೆ ಮಾತು.

ಆಳಂದ_ಎ320

ಆಕಿದು: ಹಿಂದಿನ ವೀಕ್ಲಿ ರೆಸ್ಟ್ ಹೋದ ಗುರುವಾರ 06:00ಕ್ಕ ಮುಗದದ. ಸೋಮವಾರ 20:00 ಸೈನ್ ಆಫ್. ಮಂಗಳವಾರ ಆಫ್. ಬುಧವಾರ 09:30ರಿಂದ 19:00. ಗುರುವಾರ ಮ್ಯಾಲ ಹೇಳಿದ್ದು. ಶುಕ್ರವಾರ ಆಕಿಗಿ ಡ್ಯೂಟಿ 12:40ಕ್ಕ ಇತ್ತು, ನಿನ್ನೆ ಬದಲಿ ಆಗಿ ಶನಿವಾರಕ್ಕ ಹೋಗ್ಯದ, 06:15 ಸೈನ್ ಆನ್.

ಗಾಣಗಾಪುರ_ಗಾಡಿ

ಇಷ್ಟ್ಯಾಕ ಲೆಕ್ಕ, ಮಂಗಳವಾರ ಮುಂಜಾನಿ ಸಿಕ್ ಅಂತ ಫೋನ್ ಹಚ್ಚಿಬಿಡ್ರಿ 😀

ಬೀದರ್_ಗ್ಯಾಲಿ

ಅಣ್ಣಾ, ನಗಿಚಾಟಿಗಿ ಸೈ, ಆದ್ರ ಹೊಸ ಹುಡುಗ್ರು ಖರೇ ಅಂತ ಹಿಡಿತಾರ. ಸ್ವಾಪ್ ಕೇಳಿ ರಿಜೆಕ್ಟ್ ಆದ ದಿನಾನೇ ಸಿಕ್ ಹಾಕಿದ್ರ ಎರಡೂ ಎಂಟ್ರಿ ಒಂದೇ ಸ್ಕ್ರೀನ್ ಮ್ಯಾಲ ಕಾಣ್ತಾವ. ಮೆಡಿಕಲ್ ಸರ್ಟಿಫಿಕೇಟ್ ಕೇಳ್ತಾರ, ಮುಂದ ಲೀಡ್ (ಕ್ರೂ ಮುಖ್ಯಸ್ಥರು) ಆಗೋ ಹೊತ್ತಿಗಿ ಆ ಹಾಳಿ ಹೊರಗ ಬರ್ತದ. ಖರೇನೇ ಆರಾಮಿಲ್ಲಂದ್ರ, ಇಲ್ಲಾ ನಿದ್ದಿಗೆಟ್ಟು ಕೆಲಸಕ್ಕ ಆಗಂಗಿಲ್ಲಂದ್ರ ಮುಚ್ಚಿಟ್ಟು ಹೋಗಬ್ಯಾಡ್ರಿ, ಅದು ಬ್ಯಾರೆ ಮಾತು.

ರೋಸ್ಟರ್_ಲೆಕ್ಕ

ಗೆಳತಿಯದು ಹಾಕಿ ನೋಡಿದೆ. ಮಂಗಳವಾರ ಸ್ಟ್ಯಾಂಡ್‌ಬೈ ಹಿಡಿದರೆ ಆಕೆಯ ವೀಕ್ಲಿ ರೆಸ್ಟ್ ಮುರಿಯುತ್ತದೆ. 168 ಗಂಟೆ ಈ ಗುರುವಾರ 06:00ಕ್ಕೆ ಮುಗಿಯುವುದರಿಂದ ಹೊಸ ರೆಸ್ಟ್ ಅಷ್ಟರೊಳಗೆ ಶುರುವಾಗಬೇಕು. ಗುರುವಾರ ನಿಮಗೆ ಕೊಟ್ಟರೆ ಬುಧವಾರ 19:00ಕ್ಕೇ ಶುರು. ಶನಿವಾರ 06:15ರ ತನಕ ಏನೂ ಇಲ್ಲ. ಆಕೆಯ ಕಡೆ ಹಸಿರು. (ಶುಕ್ರವಾರಕ್ಕೆ 06:15 ಬಿದ್ದಿದ್ದರೆ 36 ಗಂಟೆಗೆ 45 ನಿಮಿಷ ಕಡಿಮೆಯಾಗಿ ಅಲ್ಲೂ ಕೆಂಪಾಗುತ್ತಿತ್ತು.)

ಹಾಗಾದರೆ ತೊಡಕು ನಿಮ್ಮ ಶುಕ್ರವಾರ ಒಂದೇ. ಎರಡು ದಾರಿ. ಒಂದು, ಶುಕ್ರವಾರದ ದೆಹಲಿಯನ್ನೂ ಬೇರೆಯವರಿಗೆ ಕೊಟ್ಟು 12:20ರ ನಂತರದ ಸೈನ್ ಆನ್ ತೆಗೆದುಕೊಳ್ಳುವುದು. ಅಂದರೆ ಎರಡು ಸ್ವಾಪ್, ಶುಕ್ರವಾರದ್ದು ಮೊದಲು ಮಂಜೂರಾಗಬೇಕು, ಆಮೇಲೆ ಗುರುವಾರದ್ದು. ಹಿಂದುಮುಂದಾಗಿ ಹಾಕಿದರೆ ಗುರುವಾರದ್ದು ಇನ್ನೂ ಹಳೆಯ ರೋಸ್ಟರನ್ನೇ ನೋಡುತ್ತದೆ.

ನನಗೆ ಮೆಚ್ಚು ಎರಡನೇ ದಾರಿ: ಗೆಳತಿಯನ್ನು ಬಿಟ್ಟು, ಗುರುವಾರ ಬೆಳಗಿನ ಡ್ಯೂಟಿ ಇರುವವರನ್ನು ಹುಡುಕುವುದು. ಶುಕ್ರವಾರ 05:10ರಿಂದ 12 ಗಂಟೆ ಹಿಂದಕ್ಕೆ ಎಣಿಸಿದರೆ ಗುರುವಾರ 17:10. ಅದು ಕೊನೆಯ ಗಡಿ. ವಿಮಾನ ತಡವಾಗುವುದನ್ನು ಲೆಕ್ಕ ಹಿಡಿದರೆ 15:30ಕ್ಕೆ ಮುಗಿಯುವುದನ್ನು ನೋಡಿ. ಈ ಕಡೆ ಸೈನ್ ಆನ್ 06:00 ಅಥವಾ ಆಮೇಲೆ ಇರಲಿ. ಕಾಗದದ ಮೇಲೆ 05:30 ಆದರೂ ನಡೆಯುತ್ತದೆ, ಸೋಮವಾರ 22:50ಕ್ಕೆ ಮುಗಿಸಿದರೆ ಸೋಮವಾರ, ಮಂಗಳವಾರ ಎರಡು ರಾತ್ರಿ ಸಿಕ್ಕಿಬಿಡುತ್ತವೆ. ಆದರೆ ಸೋಮವಾರ ಕೊನೆಯ ಸೆಕ್ಟರ್ ಒಂದು ಗಂಟೆ ಕಾಲು ತಡವಾಯಿತು ಅನ್ನಿ, ಸೈನ್ ಆಫ್ 00:05. ಸೋಮವಾರದ ರಾತ್ರಿ ಹೋಯಿತು. ಆಗ ಮಂಗಳವಾರ ಮತ್ತು ಬುಧವಾರದ ರಾತ್ರಿಗಳೇ ಗತಿ, ಗುರುವಾರ 05:30 ಅರ್ಧ ಗಂಟೆಗೆ ತಪ್ಪುತ್ತದೆ. ಶೆಡ್ಯೂಲಿಂಗ್‌ನವರು ಆ ಡ್ಯೂಟಿ ಕಿತ್ತು ತಮಗೆ ಬೇಕಾದದ್ದು ಹಾಕುತ್ತಾರೆ.

ಎದುರಿನವರು ಮಂಗಳವಾರ ತುದಿಯಲ್ಲಿ ಬರುವಂತೆ ಸಾಲಾಗಿ ಮೂರು ದಿನ ಆಫ್ ಇರುವವರಾದರೆ ಸುಲಭ. ಮೂರರ ತುದಿಯಲ್ಲಿ ಒಂದು ದಿನ ಕಿತ್ತರೂ ಅವರ ವೀಕ್ಲಿ ರೆಸ್ಟ್ ಉಳಿಯುತ್ತದೆ. ನಡುವಿನ ದಿನ ಕಿತ್ತರೆ ಉಳಿಯದೆ ಹೋಗಬಹುದು.

ಬೀದರ್_ಗ್ಯಾಲಿ

ಮ್ಯಾಲಿನ ಲೆಕ್ಕಕ್ಕ ನನ್ನ ತಕರಾರಿಲ್ಲ. ಹುಡುಕೋದು ಹೆಂಗ ಅನ್ನೋದು ಹೇಳ್ತೀನಿ.

ಗ್ರೂಪಿನಾಗ "ಯಾರರ ಮಂಗಳವಾರ ತಗೋತೀರೇನ್ರಿ ಪ್ಲೀಸ್" ಅಂತ ಹಾಕಿದ್ರ ಯಾರೂ ತಿರುಗಿ ನೋಡಂಗಿಲ್ಲ. ಪೂರಾ ಬರೀರಿ: "ಕೊಡೋದು: ಮಂಗಳವಾರ ಮನಿ ಸ್ಟ್ಯಾಂಡ್‌ಬೈ 10–18, ಎ320, ಲೀಡ್ ಅಲ್ಲ. ಬೇಕಾದ್ದು: ಗುರುವಾರ, ಸೈನ್ ಆನ್ 06:00 ಮ್ಯಾಲ, ಸೈನ್ ಆಫ್ 15:30 ಒಳಗ, ಲೇಓವರ್ (ಹೊರಗ ರಾತ್ರಿ ವಸ್ತಿ) ಬ್ಯಾಡ." ಸಮಯ ಭಾರತದ್ದೋ ಯುಟಿಸಿನೋ (ಜಾಗತಿಕ ಸಮಯ) ಅದನ್ನೂ ಬರೀರಿ. ಕೆಲವು ಪೋರ್ಟಲ್ ಯುಟಿಸಿ ತೋರಸ್ತಾವ, ನಮ್ಮ ನಡುರಾತ್ರಿ ಅಲ್ಲಿ ಹಿಂದಿನ ದಿನದ 18:30. ಗುರುವಾರ ಮುಂಜಾನಿ 05:00 ಸೈನ್ ಆನ್ ಬುಧವಾರ 23:30 ಅಂತ ಕಾಣ್ತದ. ತಾರೀಖು ತಪ್ಪಿ ಬ್ಯಾರೆ ಡ್ಯೂಟಿ ತಗೊಂಡು ಕೂತವ್ರು ಭಾಳ ಮಂದಿ.

ಸ್ಟ್ಯಾಂಡ್‌ಬೈ ಕೊಡೋದು ಫ್ಲೈಟ್ ಕೊಟ್ಟಷ್ಟು ಸಸಾರ ಅಲ್ಲ. ತಗೊಂಡಾಕಿಗಿ 17:30ಕ್ಕ ಫೋನ್ ಬಂದ್ರ ರಾತ್ರಿ ಎಷ್ಟೊತ್ತಿಗಿ ಮುಗೀತದ ಗೊತ್ತಿಲ್ಲ, ಮರುದಿನದ ಆಕಿ ಡ್ಯೂಟಿನೂ ಅಲುಗಾಡ್ತದ. ಅದಕ್ಕ ಬದಲಿಗಿ ಛಲೋದೇನರ ಕೊಡಬೇಕಾಗ್ತದ, ಇಲ್ಲಾ ಮುಂದಿನ ತಿಂಗಳ ಒಂದು ದಿನದ ಬಾಕಿ ಒಪ್ಪಿಕೋಬೇಕಾಗ್ತದ.

ಇನ್ನ ಸ್ವಾಪ್ ತಳ್ಳಿಹಾಕೋ ಬ್ಯಾರೆ ಕಾರಣ. ಲೀಡ್ ಲೀಡ್ ಸಂಗಟ, ಜೂನಿಯರ್ ಜೂನಿಯರ್ ಸಂಗಟ. ನಮ್ಮಲ್ಲಿ 50 ಸೀಟಿಗಿ ಒಬ್ರು ಕ್ರೂ ಇರಬೇಕು, ಅಂದ್ರ 180 ಸೀಟಿನ ಎ320ಕ್ಕ ನಾಲ್ಕು ಮಂದಿ. ಆ ನಾಲ್ವರೊಳಗ ಹೊಸಬರು ಎಷ್ಟಿರಬಹುದು ಅನ್ನೋದಕ್ಕ ಕಂಪನಿದು ಒಂದು ಮಿತಿ ಇರ್ತದ. ನೀವು ಐದು ತಿಂಗಳದವ್ರು, ಆ ಫ್ಲೈಟಿನಾಗ ಆಗ್ಲೇ ಹೊಸಬರಿದ್ರ ಆಗಂಗಿಲ್ಲ. ಎಟಿಆರ್ (ಸಣ್ಣ ವಿಮಾನ) ಕ್ರೂ ಸಂಗಟ ಬದಲಿ ಮಾಡಬೇಕಂದ್ರ ಇಬ್ರಿಗೂ ಎರಡೂ ವಿಮಾನದ ಟ್ರೇನಿಂಗ್ ಚಾಲ್ತಿ ಇರಬೇಕು. ಏರ್‌ಪೋರ್ಟ್ ಪಾಸು, ವಾರ್ಷಿಕ ಸೇಫ್ಟಿ ಟ್ರೇನಿಂಗು, 24 ತಿಂಗಳಿಗೊಮ್ಮಿ ಬರೋ ಡೇಂಜರಸ್ ಗೂಡ್ಸ್ ಟ್ರೇನಿಂಗು, ಇದ್ರಾಗ ಒಂದರ ಅವಧಿ ಆ ತಾರೀಖಿಗಿ ಮುಗಿದಿದ್ರೂ ಕೆಂಪು.

ಏಳು ದಿನಕ್ಕ 35 ಗಂಟಿ ಹಾರಾಟದ ಮಿತಿನೂ ನೋಡ್ರಿ. ಯಾವ್ದೇ ಸಾಲಾಗಿ ಏಳು ದಿನ, ಸೋಮವಾರದಿಂದ ರವಿವಾರ ಅಂತಲ್ಲ. ಆರು ದಿನದಾಗ 31:20 ಹಾರಿ 4:40ರ ದೆಹಲಿ ಹಿಡದ್ರ 36:00 ಆಯ್ತು, ಸಾಗಂಗಿಲ್ಲ.

ಮುಖ್ಯದ್ದು: ವಾಟ್ಸಾಪಿನಾಗ "ಓಕೆ ಡನ್" ಅಂದ್ರ ಏನೂ ಆಗಿಲ್ಲ. ಆಕಿ ಪೋರ್ಟಲ್‌ನಾಗ ಒಪ್ಪಬೇಕು, ಶೆಡ್ಯೂಲಿಂಗ್ ಮಂಜೂರು ಮಾಡಬೇಕು, ಇಬ್ಬರ ರೋಸ್ಟರಿನಾಗೂ ಹೊಸ ಡ್ಯೂಟಿ ಕಾಣಬೇಕು, ಅದನ್ನ ಅಕ್ನಾಲೆಜ್ ಮಾಡಬೇಕು. ಅಲ್ಲಿಗಿ ಬರೋತನಕ ಡ್ಯೂಟಿ ನಿಮ್ಮ ಹೆಸರಿನ ಮ್ಯಾಲೇ, ಆಕಿ ಬರಲಿಲ್ಲಂದ್ರ ನೋ ಶೋ (ಗೈರು) ನಿಮಗ. ಕಟ್ ಆಫ್ (ಸ್ವಾಪ್ ಹಾಕೋ ಕೊನಿ ಗಡಿ) ಕಂಪನಿಗೊಂದು ಥರ, 24, 48, 72 ಗಂಟಿ. ಕೊನಿ ಗಂಟಿಗಿ ಹಾಕಬ್ಯಾಡ್ರಿ.

ಮತ್ತೊಂದು, ಬೀದರದವ್ರು ಮಾಡೋ ಧೈರ್ಯ. ಮನಿ ಸ್ಟ್ಯಾಂಡ್‌ಬೈ ಅಂದ್ರ ಊರ ಮನಿ ಅಲ್ಲರೀ! ಕರದ ಮ್ಯಾಲ ಇಷ್ಟೇ ಹೊತ್ತಿನಾಗ ವರದಿ ಆಗಬೇಕು ಅಂತಿರ್ತದ. ಬೀದರದಿಂದ ಜಹೀರಾಬಾದ್, ಸಂಗಾರೆಡ್ಡಿ, ಆಮ್ಯಾಲ ರಿಂಗ್ ರೋಡ್ ಹಿಡದ್ರೂ ಶಂಶಾಬಾದ್ ಏರ್‌ಪೋರ್ಟ್ ಮೂರು ತಾಸಿನ ಮಾತು. ಆಳಂದದಿಂದ ಕೇಳೋದೇ ಬ್ಯಾಡ.

ಯಾದಗಿರಿ_ರಿಟರ್ನ್

ರೊಕ್ಕದ ಮಾತು ಯಾರೂ ಆಡಿಲ್ಲ. ಹಾರಾಟದ ಭತ್ಯೆ ಬ್ಲಾಕ್ ಅವರಿನ ಮ್ಯಾಲ, ಚಾಕ್ಸ್ (ಗಾಲಿಗಿ ಇಡೋ ತಡೆ) ತೆಗೆದಾಗಿನಿಂದ ಹಾಕೋತನಕ. ನೆಲದ ಮ್ಯಾಲ ಕೂತಿದ್ದಕ್ಕ ಇಲ್ಲ. ಬೆಂಗಳೂರಂಥ ಸಣ್ಣ ಸೆಕ್ಟರ್ ನಾಲ್ಕು ಹೊಡದ್ರ 10 ತಾಸು ಡ್ಯೂಟಿಗಿ 5 ತಾಸಿನ ಆಸುಪಾಸು ಸಿಗ್ತದ, ದೆಹಲಿ ಒಮ್ಮಿ ಹೋಗಿ ಬಂದ್ರ 7 ತಾಸಿಗೇ 4:40. ಅದಕ್ಕ ಗುರುವಾರ ತಗೊಳ್ಳೋ ಮೊದಲ ಸೆಕ್ಟರ್ ಎಷ್ಟು ಅಂತ ಕೇಳ್ರಿ. ನಾಲ್ಕು ಸೆಕ್ಟರ್ ಇದ್ರ ತಡ ಆಗೋ ಜಾಗಾನೂ ನಾಲ್ಕು, ಶುಕ್ರವಾರದ 12 ಗಂಟಿಗಿ ಅಪಾಯ.

ಖರೇ ಉಪಾಯ ಸ್ವಾಪ್ ಅಲ್ಲ, ರಿಕ್ವೆಸ್ಟ್. ರೋಸ್ಟರ್ ಹಿಂದಿನ ತಿಂಗಳ ಕೊನಿಗಿ ಬರ್ತದ, ರಿಕ್ವೆಸ್ಟ್ ಹಾಕೋ ಕಿಂಡಿ ಅದಕ್ಕೂ ಎರಡು ಮೂರು ವಾರ ಮೊದಲೇ ಮುಚ್ಚತದ. ನಮ್ಮ ಹಬ್ಬಗಳ ತೊಂದ್ರಿ ಅಂದ್ರ ಆಫೀಸ್ ಕ್ಯಾಲೆಂಡರಿನಾಗ ಅವು ಇರಂಗಿಲ್ಲ. ಎಳ್ಳ ಅಮಾಸಿ ವರ್ಷದ ಕೊನಿ ರಶ್ಶಿನಾಗ ಬರ್ತದ, ಆವಾಗ ರಜಾ ಬಂದ್. 2023ರಾಗ ಒಂದೂ ಬರಲಿಲ್ಲ, 2024ರಾಗ ಎರಡು ಬಂದ್ವು, ಜನವರಿ 11 ಮತ್ತ ಡಿಸೆಂಬರ್ 30. ಒಂದೇ ವರ್ಷದ ರಜಾ ಕೋಟಾದಾಗ ಎರಡು! ಪಂಚಾಂಗ ನೋಡಿ ವರ್ಷದ ಮೊದಲೇ ಬರೆದಿಡ್ರಿ. ಮೈಲಾಪುರ ಜಾತ್ರಿ ಸಂಕ್ರಾಂತಿಗೇ ಇರ್ತದ, ಕಣ್ಣು ಮುಚ್ಚಿ ಹಾಕಬಹುದು. ಶರಣಬಸವೇಶ್ವರ ತೇರು ಹೋಳಿ ಆದ ಮ್ಯಾಲ, ಸರೀತದ. ಬಂದೇನವಾಜ್ ಉರುಸ್ ಚಂದ್ರನ ತಿಂಗಳದ್ದು, ವರ್ಷಾ ಸುಮಾರು 11 ದಿನ ಹಿಂದ ಬರ್ತದ, ಚಂದ್ರ ಕಂಡಮ್ಯಾಲ ಒಂದು ದಿನ ಆಚೀಚಿ ಆಗ್ತದ. ಅದಕ್ಕ ಎರಡು ದಿನ ಜೋಡಿ ಕೇಳ್ರಿ.

ಸೋಮವಾರ 22:50ಕ್ಕ ಶಂಶಾಬಾದದಾಗ ಸೈನ್ ಆಫ್ ಆಗಿ ಆಳಂದ ಮುಟ್ಟೋದು ಹೆಂಗ ಅಂತ ವಿಚಾರ ಮಾಡಿರೇನು? ಕೊಡಂಗಲ್, ಸೇಡಂ ಮ್ಯಾಲಿಂದ ಕಲಬುರಗಿ, ಅಲ್ಲಿಂದ ಮತ್ತ 40 ಕಿಲೋಮೀಟರ್. ಇಡೀ ರಾತ್ರಿ ಗಾಡಿಯಾಗ. ಸಾಧ್ಯ ಆದ್ರ ಸೋಮವಾರದ್ದೂ ಮುಂಜಾನಿ ಡ್ಯೂಟಿಗಿ ಬದಲಿಸಿಕೊಳ್ರಿ, ಮಧ್ಯಾಹ್ನ ಬಿಟ್ರ ರಾತ್ರಿ ಊಟಕ್ಕ ಮನಿ. ವಾಪಸ್ ಬರೋದು ಬುಧವಾರ ಸಂಜಿ ಒಳಗ ಹೈದ್ರಾಬಾದ್. ಸಬ್‌ಲೋಡ್ (ಸೀಟು ಖಾಲಿ ಇದ್ರಷ್ಟೇ ಸಿಗೋ) ಸ್ಟಾಫ್ ಟಿಕೆಟ್ ನಂಬಿ ಕೂಡಬ್ಯಾಡ್ರಿ, ಹಬ್ಬದ ಮರುದಿನ ಸೀಟು ಉಳಿಯಂಗಿಲ್ಲ.

ಆಳಂದ_ಎ320

ಒಬ್ಬಾಕಿ ಸಿಕ್ಕಾಳ. ಆಕಿಗಿ ರವಿವಾರ, ಸೋಮವಾರ, ಮಂಗಳವಾರ ಆಫ್. ಗುರುವಾರ 06:25 ಸೈನ್ ಆನ್, ಎರಡು ಸೆಕ್ಟರ್, 13:20 ಸೈನ್ ಆಫ್. ಪೋರ್ಟಲ್ ಹಸಿರು ತೋರಿಸ್ಯಾದ, ಆಕಿ ಒಪ್ಪ್ಯಾಳ, ಶೆಡ್ಯೂಲಿಂಗ್ ಬಾಕಿ. ಸೋಮವಾರದ್ದು ಇನ್ನಾ ಹುಡುಕ್ಲತ್ತೀನಿ. ಈಗೇ ಬಸ್ಸಿನ ಸೀಟು ಬುಕ್ ಮಾಡಲೇನು?

ಬೀದರ್_ಗ್ಯಾಲಿ

ಬಾಕಿ ಅಂತ ಇರೋತನಕ ಬ್ಯಾಡ. ಮತ್ತ ಸೋಮವಾರದ್ದು ಬದಲಿ ಆದ ಕೂಡ್ಲೆ ಗುರುವಾರದ್ದು ಇನ್ನೊಮ್ಮಿ ತೆಗೆದು ನೋಡ್ರಿ, ಒಂದು ಬದಲಾದ್ರ ಇನ್ನೊಂದರ ಚೆಕ್ ಮತ್ತ ಓಡ್ತದ.