ಆಡದ ಕೈಯಿಂದ ಬರೆಯುವುದು: ನರರೋಗ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾಲ್ಕು ವರ್ಷಗಳ ಹಿಂದೆ ಅಡಿಕೆ ಮರದಿಂದ ಬಿದ್ದ ನನ್ನ ತಮ್ಮನಿಗೆ ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ತಪ್ಪಿದೆ. ಮಾತು ಸ್ಪಷ್ಟವಾಗಿಯೇ ಇದೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಟೈಪ್ ಮಾಡುವ ಚಿಪ್ ಬಂದಿದೆ ಎಂದು ಎಲ್ಲೋ ಓದಿ ಅವನು ಆಸೆ ಇಟ್ಟುಕೊಂಡಿದ್ದಾನೆ. ಇಷ್ಟು ವರ್ಷ ಆಡದ ಕೈಯನ್ನು ಮಿದುಳು ಮರೆತಿರುವುದಿಲ್ಲವೇ?

ಉತ್ತರ: ಮರೆತಿರುವುದಿಲ್ಲ. 2007ರಲ್ಲಿ ನಿಮ್ಮ ತಮ್ಮನಂತೆಯೇ ಬೆನ್ನುಹುರಿಗೆ ಪೆಟ್ಟು ಬಿದ್ದ ಅಮೆರಿಕದ ವ್ಯಕ್ತಿಯೊಬ್ಬರ ಮೇಲೆ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ನಡೆಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಪೆನ್ನು ಹಿಡಿದು ಬರೆಯುತ್ತಿರುವಂತೆ ಆ ವ್ಯಕ್ತಿ ಪ್ರಯತ್ನಿಸಿದಾಗ, ಮಿದುಳಿನಲ್ಲಿ ಕೈಯನ್ನು ಆಡಿಸುವ ಜಾಗದಲ್ಲಿ ಕೂರಿಸಿದ್ದ, ಸುಮಾರು 4 ಮಿಲಿಮೀಟರ್ ಅಗಲದ ಎರಡು ಎಲೆಕ್ಟ್ರೋಡ್ ಬಿಲ್ಲೆಗಳು ನರಕೋಶಗಳ ಮಿಡಿತವನ್ನು ಹಿಡಿದವು, ಕಂಪ್ಯೂಟರ್ ಅದು ಯಾವ ಅಕ್ಷರವೆಂದು ಗುರುತಿಸಿತು. ನಿಮಿಷಕ್ಕೆ 90 ಅಕ್ಷರಗಳು ಮೂಡಿದವು. ನೂರಕ್ಕೆ ಸುಮಾರು ಆರು ತಪ್ಪಿದವು. ಪರದೆಯ ಕೀಲಿಮಣೆಯ ಮೇಲೆ ಬಾಣವನ್ನು ಓಡಿಸುವ ಹಿಂದಿನ ವಿಧಾನದಲ್ಲಿ ಇದರ ಅರ್ಧ ವೇಗವೂ ಸಿಕ್ಕಿರಲಿಲ್ಲ. ಒಂದು ಕೀಲಿಯಿಂದ ಇನ್ನೊಂದಕ್ಕೆ ನೇರವಾಗಿ ಸಾಗುವ ಚಲನೆಗಳೆಲ್ಲ ಒಂದರಂತೆ ಒಂದಿರುತ್ತವೆ. ಅಕ್ಷರಗಳ ತಿರುವುಗಳಾದರೋ ಬೇರೆಬೇರೆ, ಹಾಗಾಗಿ ಯಂತ್ರಕ್ಕೆ ಗುರುತಿಸುವುದು ಸುಲಭ. (ನಮ್ಮ ದುಂಡು ಅಕ್ಷರಗಳಿಗೆ ಇದು ಹೇಳಿ ಮಾಡಿಸಿದಂತಿದೆ ಎನ್ನಿಸುತ್ತದೆ, ಆದರೆ ದ-ಧ, ಪ-ಷಗಳ ಮುಂದೆ ಯಂತ್ರ ತಡವರಿಸೀತು.)

ಎರಡು ಮಾತನ್ನು ತಮ್ಮನಿಗೆ ತಿಳಿಸಿ. ಯಂತ್ರ ಓದಿದ್ದು ಯೋಚನೆಯನ್ನಲ್ಲ, ಕೈ ಆಡಿಸುವ ಪ್ರಯತ್ನವನ್ನು. ಮತ್ತು ಅದಕ್ಕಾಗಿ ತಲೆಬುರುಡೆ ತೆರೆಯಬೇಕು, ಬುರುಡೆಯಿಂದ ಹೊರಬಂದ ತಂತಿಯನ್ನು ಕಂಪ್ಯೂಟರಿಗೆ ಜೋಡಿಸಿಕೊಂಡೇ ಬರೆಯಬೇಕು. ಮಾತು ಚೆನ್ನಾಗಿರುವವನಿಗೆ ಇಷ್ಟು ಅಪಾಯವನ್ನು ನಾನು ಸೂಚಿಸುವುದಿಲ್ಲ. ಮೊಬೈಲಿನಲ್ಲಿ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯವನ್ನು ಇವತ್ತೇ ಹಾಕಿಕೊಡಿ.

ಇನ್ನೊಬ್ಬ ಮಹಿಳೆಯ ಪ್ರಶ್ನೆ: ಸರ್, ನಮ್ಮ ಅಮ್ಮನಿಗೆ ಎಎಲ್ಎಸ್ ಕಾಯಿಲೆಯಿಂದ (ಸ್ನಾಯುಗಳನ್ನು ಆಡಿಸುವ ನರಕೋಶಗಳು ಕ್ರಮೇಣ ನಶಿಸುವ ಕಾಯಿಲೆ) ಮಾತೇ ನಿಂತಿದೆ. ಅವರಿಗೇನು ದಾರಿ?

ಉತ್ತರ: ನಿಮ್ಮ ತಾಯಿಯಂಥವರಿಗೇ ಈ ಸಂಶೋಧನೆ ಹೆಚ್ಚು ಬೇಕಾದದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಎಎಲ್ಎಸ್ ಇರುವ ಒಬ್ಬರಿಗೆ 256 ಎಲೆಕ್ಟ್ರೋಡುಗಳನ್ನು ಅಳವಡಿಸಿ, ಅವರು ಆಡಲು ಯತ್ನಿಸಿದ ಪದಗಳನ್ನು ನೂರಕ್ಕೆ 97ರಷ್ಟು ಸರಿಯಾಗಿ ಪರದೆಗೆ ತಂದದ್ದು 2024ರಲ್ಲಿ ವರದಿಯಾಯಿತು. ಆದರೆ ಅದು ಪ್ರಯೋಗದ ಹಂತದ್ದು, ಇಂಗ್ಲಿಷಿಗೆ ಕಟ್ಟಿದ್ದು.

ಈ ಕಾಯಿಲೆಯಲ್ಲಿ ಕಣ್ಣಿನ ಚಲನೆ ಸಾಮಾನ್ಯವಾಗಿ ಬಹುಕಾಲ ಉಳಿಯುತ್ತದೆ. ಕಣ್ಣಿನ ನೋಟದಿಂದ ಟೈಪ್ ಮಾಡುವ ಉಪಕರಣದ ಬಗ್ಗೆ ವಾಕ್ ಚಿಕಿತ್ಸಕರನ್ನು ಕೇಳಿ. ಅಲ್ಲಿಯವರೆಗೆ ಒಂದು ರಟ್ಟಿನ ಮೇಲೆ ವರ್ಣಮಾಲೆಯನ್ನು ಸಾಲುಸಾಲಾಗಿ ಬರೆಯಿರಿ. ನೀವು ‘ಸ್ವರ’, ‘ಕ ಸಾಲು’, ‘ಚ ಸಾಲು’ ಎಂದು ಹೇಳುತ್ತ ಹೋದಂತೆ ಅಮ್ಮ ಬೇಕಾದ ಸಾಲಿಗೆ ಕಣ್ಣು ಮೇಲೆತ್ತಲಿ, ಅನಂತರ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿ. ಗುಣಿತ, ಒತ್ತುಗಳನ್ನು ಕೇಳುತ್ತ ಕೂರಬೇಡಿ. ಬರಿ ವ್ಯಂಜನಗಳಿಂದಲೇ ‘ನ’, ‘ರ’ ಬಂದರೆ ನೀರು ಎಂದು ಮನೆಯವರಿಗೆ ಹೊಳೆಯುತ್ತದೆ.