ಸಂಕ್ರಾಂತಿವರೆಗೆ ನಿಲ್ಲಿಸುವ ಕಾರು, ಶೆಡ್ಡಿನಲ್ಲಿ ಇಲಿ: ನೀವು ಏನು ಮಾಡಿದಿರಿ?

ಕ್ಯಾತ್ಸಂದ್ರ ಮನೆ: ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದ ಹತ್ತಿರ. ಮಗಳ ಬಾಣಂತನಕ್ಕೆ ಹೋಗುತ್ತಿದ್ದೇವೆ, ವಾಪಸ್ ಬರುವುದು ಸಂಕ್ರಾಂತಿ ಕಳೆದ ಮೇಲೆ. ಅಲ್ಲಿಯವರೆಗೆ ಕಾರು ಶೆಡ್ಡಿನಲ್ಲೇ ನಿಲ್ಲಬೇಕು. ಮುಂದೆ ರೋಲಿಂಗ್ ಶಟರ್, ಮೇಲೆ ಅಟ್ಟದಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿ. ಇಲಿ ಹಿಕ್ಕೆ ಕಣ್ಣಿಗೆ ಬಿದ್ದಿದೆ. ದಿನಾ ಬಂದು ನೋಡುವವರು ಯಾರೂ ಇಲ್ಲ. ವೈರು ಉಳಿಸಿಕೊಳ್ಳುವುದು ಹೇಗೆ? ಅನುಭವ ಇದ್ದವರು ಹೇಳಿ.

ಶಿರಾ ಕಡ್ಲೆಕಾಯಿ: ಮೊದಲು ಇನ್ಶೂರೆನ್ಸ್ ಪೇಪರ್ ತೆಗೆದು ಓದಿ ಸರ್. ನನ್ನ ಕಾರು ಕಡ್ಲೆಕಾಯಿ ಗೋಡೌನಿನ ಮೂಲೆಯಲ್ಲಿ ನಿಂತಿತ್ತು. ಒಂದು ಬೆಳಗ್ಗೆ ಕೀ ತಿರುಗಿಸಿದರೆ ಮೀಟರಿನ ಲೈಟೆಲ್ಲ ಒಟ್ಟಿಗೆ ಹತ್ತಿತು, ಎಂಜಿನ್ ಸದ್ದೇ ಇಲ್ಲ. ಎಳೆದುಕೊಂಡು ಹೋಗಿದ್ದಕ್ಕೆ 2,800. ರಸ್ತೆ ಬದಿಯ ಮೆಕ್ಯಾನಿಕ್ 1,500ಕ್ಕೆ ಜಾಯಿಂಟ್ ಹಾಕಿ ಟೇಪ್ ಸುತ್ತುತ್ತೇನೆ ಅಂದಿದ್ದ. ಶೋರೂಮಿನವರು ಪೂರ್ತಿ ವೈರಿಂಗ್ ಬದಲಿಸಬೇಕು ಅಂದರು. 31,400. ಲೇಬರ್ 6,200. ಅದರ ಮೇಲೆ ಜಿಎಸ್‌ಟಿ. ಬಂಪರ್ ಕ್ಲಿಪ್ಪಿಗೆ 340, ಅದನ್ನೂ ಬಿಡಲಿಲ್ಲ. ಇನ್ಶೂರೆನ್ಸಿನ ಸರ್ವೇಯರ್ ಬಂದರು, ಫೋಟೋ ತೆಗೆದರು, ಇದು ಆಕ್ಸಿಡೆಂಟ್ ಅಲ್ಲ ನಿರ್ಲಕ್ಷ್ಯ ಅಂದರು. ಇಲಿಗೆ ನಾನು ಏನು ನೋಟಿಸ್ ಕೊಡಬೇಕಿತ್ತಾ? ಜಗಳ ಆಡಿ ಆಡಿ ಕೊನೆಗೆ ಬಂದಿದ್ದು ಅರ್ಧಕ್ಕಿಂತ ಕಮ್ಮಿ. ಅದರಲ್ಲೂ ಕಡ್ಡಾಯ ಡಿಡಕ್ಟಿಬಲ್, ಅಂದರೆ ನಾವೇ ಹೊರಬೇಕಾದ ಪಾಲು ಅಂತ 1,000 ಹಿಡಿದುಕೊಂಡರು. 1500 ಸಿಸಿ ಮೀರಿದ ಕಾರಾಗಿದ್ದರೆ 2,000 ಹೋಗುತ್ತಿತ್ತು. ಒಂದೂ ಕ್ಲೇಮ್ ಮಾಡದೆ ಶೇ. 50ಕ್ಕೆ ತಂದಿದ್ದ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂ ರಿಯಾಯಿತಿ, ಸೊನ್ನೆಯಾಯಿತು. ಆ ಬೋನಸ್ ನಷ್ಟ ಲೆಕ್ಕ ಹಾಕಿದರೆ ಕ್ಲೇಮ್ ಮಾಡದಿರುವುದೇ ಮೇಲಿತ್ತು.

ಗುಬ್ಬಿ ಗೌಡ: ಇಷ್ಟೆಲ್ಲ ಯಾಕೆ? 40 ರೂಪಾಯಿಯ ಹೊಗೆಸೊಪ್ಪು ತನ್ನಿ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಬಾನೆಟ್ ಒಳಗೆ ಎರಡು ಕಡೆ ನೇತುಹಾಕಿ. ನಮ್ಮಪ್ಪನ ಅಂಬಾಸಿಡರ್ ಕಾಲದಿಂದ ಇದೇ. ಹಳೆ ಗಾಡಿಗಳಲ್ಲಿ ಗಟ್ಟಿ ವೈರು ಇತ್ತು, ಈಗ ಸೋಯಾ ಹಾಕಿ ಮಾಡ್ತಾರಂತೆ, ಇಲಿಗೆ ಅದು ತಿಂಡಿ.

ಶಿಡ್ಲಘಟ್ಟ ಗೂಡು: ಗುಬ್ಬಿಯವರೇ, ನಿಮಗೆ ಹೊಗೆಸೊಪ್ಪು ಔಷಧಿ, ನನಗೆ ಅದು ಮನೆಹಾಳು. ಕಾರು ಶೆಡ್ಡಿಗೂ ನಮ್ಮ ರೇಷ್ಮೆ ಹುಳು ಸಾಕುವ ಮನೆಗೂ ಒಂದೇ ಗೋಡೆ. ಮೈದುನ ಯಾರದೋ ಮಾತು ಕೇಳಿ ಬಾನೆಟ್ಟಿಗೆ ಹೊಗೆಸೊಪ್ಪು ತುಂಬಿದ. ಅದೇ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿದ. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಹುಳು, ಇನ್ನೇನು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು, ತಲೆ ಎತ್ತಿ ವಾಂತಿ ಮಾಡಿಕೊಂಡು ಬಿದ್ದವು. ರೇಷ್ಮೆ ಹುಳಕ್ಕೆ ನಿಕೋಟಿನ್ ತಾಗಬಾರದು. ಹಿಪ್ಪುನೇರಳೆ ತೋಟದ ಪಕ್ಕ ಹೊಗೆಸೊಪ್ಪು ಬೆಳೆಯಬೇಡಿ ಅಂತ ಹೇಳುವುದೇ ಇದಕ್ಕೆ. ಚಾಕಿಗೆ (ಮರಿ ಹುಳಕ್ಕೆ) ಕೊಟ್ಟ ದುಡ್ಡು, ಸೊಪ್ಪು ಕೊಯ್ದ ಕೂಲಿ, ಔಷಧಿ, ಸುಣ್ಣ, ಎಲ್ಲ ಸೇರಿ 23,000 ತಿಪ್ಪೆಗೆ. ಆ ವಾರ ಗೂಡಿನ ರೇಟೂ ಚೆನ್ನಾಗಿತ್ತು, ಅದು ಇನ್ನೂ ಉರಿಯುತ್ತದೆ. ಕಾರಿನ ವೈರು ಮಾತ್ರ ಸುರಕ್ಷಿತ, ಸಂತೋಷ ಅಲ್ವಾ!

ಗುಬ್ಬಿ ಗೌಡ: ಅಕ್ಕ, ಪ್ರಶ್ನೆ ಕೇಳಿದವರು ತುಮಕೂರಿನವರು. ಅವರ ಮನೆಯಲ್ಲಿ ಹುಳು ಎಲ್ಲಿದೆ? ಕೈ ತೊಳೆಯದೆ ಸೊಪ್ಪು ಹಾಕಿದ್ದು ನಿಮ್ಮ ಮೈದುನ.

ಶಿಡ್ಲಘಟ್ಟ ಗೂಡು: ಅಕ್ಕಪಕ್ಕ ಯಾರ ಮನೆಯಲ್ಲಿ ಹುಳು ಇದೆ ಅಂತ ನಿಮಗೆ ಗೊತ್ತಾ? ಸುಮ್ನೆ ಉಪದೇಶ ಕೊಡಬೇಡಿ.

ಶ್ರೀನಿವಾಸಪುರ ಮಾವು: ವಾಸನೆ, ಗಂಟು, ಕರ್ಪೂರ ಎಲ್ಲ ಎರಡು ದಿನದ ಆಟ. ಸೋಯಾ ಕಥೆಯೂ ಬಿಡಿ. ಇಲಿಗೆ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಏನಾದರೂ ಕಡಿಯಲೇಬೇಕು. ನನ್ನ 1990ರ ದಶಕದ ಟ್ರಾಕ್ಟರಿನ ವೈರನ್ನೂ ಕಡಿದಿದೆ, ಅದರಲ್ಲಿ ಯಾವ ಸೋಯಾ? ನಾನು ಮಾಡಿದ್ದು ಶೆಡ್ ಮುಚ್ಚುವ ಕೆಲಸ. 6 ಮಿಲಿಮೀಟರ್ ಸಂದಿ ಇದ್ದರೆ ಚಿಕ್ಕ ಇಲಿ ನುಗ್ಗುತ್ತದೆ, ಅಂದರೆ ಪೆನ್ಸಿಲ್ ತೂರುವ ಜಾಗ ಸಾಕು. ಅದಕ್ಕೇ ಕಾಲಿಂಚು ಕಣ್ಣಿನ ಜಿಐ ಮೆಶ್ (ಸತು ಲೇಪಿಸಿದ ತಂತಿ ಬಲೆ) ತಂದೆ, 3,900. ಕೋಳಿ ಗೂಡಿನ ಮೆಶ್ ತರಬೇಡಿ, ಅದು ಇಲಿಗೆ ಬಾಗಿಲು. ಗೋಡೆಗೂ ಶೀಟಿಗೂ ನಡುವಿನ ಸಂದಿಗೆ ಮೊದಲು ಸ್ಪ್ರೇ ಫೋಮ್ ಹೊಡೆಸಿದೆ, ಡಬ್ಬಕ್ಕೆ 450. ಬೆಳಗಾಗುವಷ್ಟರಲ್ಲಿ ಕೆಳಗೆಲ್ಲ ಹಳದಿ ಪುಡಿ. ಆಮೇಲೆ ಗಾರೆಯೇ. ಶಟರ್ ಕೆಳಗೆ ರಬ್ಬರ್ ಪಟ್ಟಿ 700, ಅದನ್ನೂ ಮೂಲೆಯಿಂದ ತಿಂದವು. ವೆಲ್ಡಿಂಗಿನವನ ಹತ್ತಿರ ಕಬ್ಬಿಣದ ಪಟ್ಟಿ ಹಾಕಿಸಿದೆ, 1,650. ಮೇಸ್ತ್ರಿ ಅರ್ಧ ಕೆಲಸಕ್ಕೆ ಬಿಟ್ಟು ಯಾರದೋ ಗೃಹಪ್ರವೇಶಕ್ಕೆ ಹೋದ, ಆ ವಾರದಲ್ಲೇ ಹೆಗ್ಗಣ ನೆಲದ ಕೆಳಗಿಂದ ಬಂತು. ಮಣ್ಣು ನೆಲ ಇದ್ದರೆ ಸುತ್ತ ಒಂದಡಿ ಅಗೆದು ಮೆಶ್ ಹೂತು ಕಾಂಕ್ರೀಟ್ ಹಾಕಲೇಬೇಕು. ಒಟ್ಟು 14,000 ದಾಟಿತು. ಮಾವಿನ ಸುಗ್ಗಿ ಮುಗಿದ ಮೇಲೆ ಟ್ರಾಕ್ಟರ್, ಕಾರು, ಡ್ರಿಪ್ ಪೈಪು ಎಲ್ಲ ಅಲ್ಲೇ ಇರುತ್ತವೆ, ಒಂದು ಹಲ್ಲಿನ ಗುರುತಿಲ್ಲ. ಬಂದು ನೋಡಬಹುದು. ಹಾಂ, ಮುಚ್ಚುವ ಮೊದಲು ಬೋನು ಇಟ್ಟು ಒಳಗಿರುವುದನ್ನೆಲ್ಲ ಹಿಡಿಯಿರಿ. ಇಲ್ಲದಿದ್ದರೆ ಇಲಿಗೇ ಭದ್ರ ಮನೆ ಕಟ್ಟಿಕೊಟ್ಟ ಹಾಗೆ.

ಶಿರಾ ಕಡ್ಲೆಕಾಯಿ: 14,000 ಖರ್ಚು ಮಾಡುವ ಬದಲು 1,500ಕ್ಕೆ ಜಾಯಿಂಟ್ ಹಾಕಿಸಬಹುದು.

ಶ್ರೀನಿವಾಸಪುರ ಮಾವು: ಹಾಕಿಸಿದಿರಾ? 31,400 ಕೊಟ್ಟವರು ನೀವೇ ಅಲ್ವಾ.

ಬಾಗೇಪಲ್ಲಿ ಟೆಕ್: ನಾನು ಬಾನೆಟ್ ಒಳಗೆ, ನಮ್ಮ ಕಿವಿಗೆ ಕೇಳದ ಸದ್ದು ಮಾಡಿ ಇಲಿ ಓಡಿಸುವ ಅಲ್ಟ್ರಾಸಾನಿಕ್ ಮಷೀನ್ ಕೂರಿಸಿದ್ದೇನೆ, 1,299. ಬ್ಯಾಟರಿಗೆ ಎರಡು ವೈರು ಕೊಟ್ಟರೆ ಆಯಿತು. ಲೈಟೂ ಮಿನುಗುತ್ತದೆ. ತೊಂದರೆ ಇಲ್ಲ.

ಶ್ರೀನಿವಾಸಪುರ ಮಾವು: ಸ್ವಾಮಿ, ಆ ಸದ್ದಿಗೆ ಇಲಿ ಕೆಲವು ದಿನದಲ್ಲಿ ಒಗ್ಗಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಕಾರಿನ ಬ್ಯಾಟರಿಗೆ ಅದನ್ನು ಕೊಟ್ಟರೆ ಇಲಿ ಉಳಿಯುತ್ತದೆ, ಬ್ಯಾಟರಿ ಸಾಯುತ್ತದೆ. ಅವರು ಬ್ಯಾಟರಿ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಹೋಗುವುದೇ ಸರಿ.

ಬಾಗೇಪಲ್ಲಿ ಟೆಕ್: ನನ್ನ ಕಾರು ದಿನಾ ಓಡುತ್ತದೆ, ಬ್ಯಾಟರಿ ಚೆನ್ನಾಗಿದೆ.

ಶಿಡ್ಲಘಟ್ಟ ಗೂಡು: ದಿನಾ ಓಡುವ ಕಾರಿಗೆ ಇಲಿ ಬರದಿದ್ದರೆ ಅದು ನಿಮ್ಮ ಮಷೀನಿನ ಪುಣ್ಯವಾ?

ಗೌರಿಬಿದನೂರು ಜೋಳ: ಹೊಲದಲ್ಲಿ ಮಾಡುವುದನ್ನೇ ಶೆಡ್ಡಿನಲ್ಲೂ ಮಾಡಿ. ಜಿಂಕ್ ಫಾಸ್ಫೈಡ್. ಮೊದಲು ಎರಡು ಮೂರು ದಿನ ಬರೀ ನುಚ್ಚಿಗೆ ಎಣ್ಣೆ ಸವರಿ ಇಡಬೇಕು, ರುಚಿ ಹತ್ತಬೇಕು. ಆಮೇಲೆ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಪಾಷಾಣ. ನೇರ ವಿಷ ಇಟ್ಟರೆ ಒಂದು ಸಾಯುತ್ತದೆ, ಉಳಿದವು ಮತ್ತೆ ಮುಟ್ಟುವುದಿಲ್ಲ. ನಮ್ಮ ಊರಿನವರಿಗೆ ಈ ತಾಳ್ಮೆ ಇಲ್ಲ, ಆಮೇಲೆ ಔಷಧಿ ಡೂಪ್ಲಿಕೇಟ್ ಅಂತ ಅಂಗಡಿಯವನಿಗೆ ಬೈಯುತ್ತಾರೆ.

ಮುಳಬಾಗಿಲು ಬೆಕ್ಕಿನಮ್ಮ: ವಿಷದ ಪಾಠ ಹೇಳುವವರು ಇದನ್ನೂ ಕೇಳಿ. ಪಕ್ಕದ ಮನೆಯವರು ಬ್ರೋಮಾಡಿಯೊಲೋನ್ ಅನ್ನುವ ಇಲಿ ವಿಷದ ಬಿಲ್ಲೆ ಇಟ್ಟರು. ಅದು ತಿಂದ ಇಲಿ ತಕ್ಷಣ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟದೆ ಕೆಲವು ದಿನ ತೂರಾಡಿಕೊಂಡು ಓಡಾಡುತ್ತದೆ. ಅಂಥದ್ದನ್ನು ನಮ್ಮ ಬೆಕ್ಕು ಹಿಡಿದು ತಿಂದಿತು. ಒಸಡಿನಲ್ಲಿ ರಕ್ತ. ಪಶು ವೈದ್ಯರು ವಿಟಮಿನ್ ಕೆ1 ಇಂಜೆಕ್ಷನ್ ಕೊಟ್ಟರು, ವಾರಗಟ್ಟಲೆ ಮಾತ್ರೆ, 4,700 ಆಯಿತು. ಬದುಕಿತು. ಬೆಕ್ಕು ಮಲಗಿದ್ದ ಆ ದಿನಗಳಲ್ಲೇ ಇಲಿ ನಮ್ಮ ಕಾರಿನ ಏಸಿ ಫಿಲ್ಟರ್ ಹರಿದು ಗೂಡು ಕಟ್ಟಿತು. ಯಾರ ಹತ್ತಿರ ದುಡ್ಡು ಕೇಳಲಿ?

ಗೌರಿಬಿದನೂರು ಜೋಳ: ನಾನು ಹೇಳಿದ್ದು ಜಿಂಕ್ ಫಾಸ್ಫೈಡ್. ನೀವು ಹೇಳುತ್ತಿರುವುದು ಬೇರೆ ಔಷಧಿ.

ಮುಳಬಾಗಿಲು ಬೆಕ್ಕಿನಮ್ಮ: ನಿಮ್ಮದು ಇನ್ನೂ ಕೆಟ್ಟದ್ದು. ಅದಕ್ಕೆ ಪ್ರತಿವಿಷವೇ ಇಲ್ಲ. ಹೊಟ್ಟೆಯಲ್ಲಿ ಫಾಸ್ಫಿನ್ ಗ್ಯಾಸ್ ಆಗುತ್ತದೆ. ಬೀಗ ಹಾಕಿ ಊರು ಬಿಡುವವರಿಗೆ ಹೇಳುವ ಮಾತಾ ಇದು? ಸತ್ತ ಇಲಿ ಡ್ಯಾಶ್‌ಬೋರ್ಡ್ ಹಿಂದೆ ಕೊಳೆತರೆ ತೆಗೆಯುವವರು ಯಾರು?

ಚಿಂತಾಮಣಿ ಹುಣಸೆ: ಬೆಕ್ಕು, ವಿಷ ಎರಡೂ ಬೇಡ. ನಮ್ಮ ಶೆಡ್ ಸುತ್ತ ಒಂದು ಕೇರೆಹಾವು ಇದೆ. ಯಾರೂ ಹೊಡೆಯಬಾರದು ಅಂತ ಹೇಳಿಟ್ಟಿದ್ದೇನೆ. ವಿಷ ಇಲ್ಲದ ಹಾವು, ಸಂಬಳ ಇಲ್ಲದ ಕಾವಲುಗಾರ.

ಶಿಡ್ಲಘಟ್ಟ ಗೂಡು: ಬಾನೆಟ್ ತೆಗೆದಾಗ ಅದು ಕೇರೆಯೋ ನಾಗರವೋ ಅಂತ ಬಗ್ಗಿ ನೋಡುವವರು ನೀವೇ ಬರಬೇಕು ಅಣ್ಣ.

ಕ್ಯಾತ್ಸಂದ್ರ ಮನೆ: ಎಲ್ಲರಿಗೂ ಧನ್ಯವಾದ. ಮೆಶ್ ಹಾಕಿಸಲು ಮೇಸ್ತ್ರಿಗೆ ಹೇಳಿದ್ದೇನೆ. ಅಟ್ಟದ ಕಾಯಿ ಈಗಲೇ ಮಾರಿ ಖಾಲಿ ಮಾಡಲಾ?

ತಿಪಟೂರು ಉಂಡೆ: ಅಟ್ಟಕ್ಕೆ ಕೈ ಹಚ್ಚಬೇಡಿ! ಉಂಡೆ ಕೊಬ್ಬರಿ ಆಗಲು ಎಂಟರಿಂದ ಹನ್ನೆರಡು ತಿಂಗಳು ಬೇಕು. ಅರ್ಧದಲ್ಲಿ ಇಳಿಸಿದರೆ ಕಾಯಿ ರೇಟೂ ಇಲ್ಲ, ಕೊಬ್ಬರಿ ರೇಟೂ ಇಲ್ಲ. ಇನ್ನು ಕಾರಿನ ವೈರು ಉಳಿಸಲು ಕೊಬ್ಬರಿ ಬಲಿ ಕೊಡುತ್ತೀರಾ?

ಶ್ರೀನಿವಾಸಪುರ ಮಾವು: ಅಟ್ಟದ ನಾರು ಕಿತ್ತುಕೊಂಡೇ ಇಲಿ ಬಾನೆಟ್ಟಿನಲ್ಲಿ ಗೂಡು ಕಟ್ಟುವುದು. ಕಾರನ್ನು ಬೇರೆ ಕಡೆ ನಿಲ್ಲಿಸಿ, ಇಲ್ಲ ಕಾಯಿ ಬೇರೆ ಕಡೆ ಹಾಕಿ.

ತಿಪಟೂರು ಉಂಡೆ: ಮಾವಿನವರಿಗೆ ಕೊಬ್ಬರಿ ಏನು ಗೊತ್ತು? ನಿಮ್ಮದು ಕಿತ್ತ ವಾರಕ್ಕೆ ಮಾರಬೇಕು, ಇಲ್ಲ ರಸ್ತೆಗೆ ಸುರಿಯಬೇಕು.

ಶ್ರೀನಿವಾಸಪುರ ಮಾವು: ರಸ್ತೆಗೆ ಸುರಿದ ವರ್ಷ ನೆನಪಿಸಬೇಡಿ. ಬೆಂಬಲ ಬೆಲೆ ಕೊಡಿ ಅಂತ ರಸ್ತೆಯಲ್ಲಿ ಕೂತವರು ನೀವಲ್ವಾ?

ಶಿರಾ ಕಡ್ಲೆಕಾಯಿ: ಕೊಬ್ಬರಿಗೆ ಬೆಂಬಲ ಬೆಲೆ ಸಿಕ್ಕಿತಲ್ಲ, ಕಡ್ಲೆಕಾಯಿ ಬಗ್ಗೆ ಯಾರಾದರೂ ಮಾತಾಡ್ತೀರಾ?