ಮಹಡಿಗೊಂದು ಡಬ್ಬಿ

"ನನ್ನ ವೈಫೈ ರೂಟರಿಗೆ ಎಂಟು ಆ್ಯಂಟೆನಾ ವಿಮಲಕ್ಕ, ಎಂಟು! ಆದರೂ ಮೇಲಿನ ರೂಮಲ್ಲಿ ವಿಡಿಯೊ ನಿಂತು ನಿಂತು ಬರತ್ತೆ ಅಂದ್ರೆ ಏನರ್ಥ?" ಶೀನಿ ಕೂರುವ ಮೊದಲೇ ಶುರು ಮಾಡಿದ.

"ಹದಿನಾರು ಕೊಂಬು ಇದ್ದರೂ ಅಷ್ಟೇ ಕಣೋ. ರೂಟರ್ ಎಷ್ಟು ಜೋರಾಗಿ ಕೂಗಿದರೇನು? ನಿನ್ನ ಫೋನು ತಿರುಗಿ ಕೂಗಬೇಕಲ್ಲ! ಕಡ್ಡಿ ಪೂರ್ತಿ ಇದ್ದೂ ಫೋಟೊ ಹೋಗದೆ ಸುತ್ತುತ್ತಾ ಇರತ್ತೆ ನೋಡು, ಅದು ಇದೇ. ಕಡ್ಡಿ ತೋರಿಸೋದು ರೂಟರಿನ ದನಿ ಫೋನಿಗೆ ಎಷ್ಟು ಕೇಳ್ತು ಅನ್ನೋದನ್ನ. ಫೋನಿನ ದನಿ ಕೆಳಗೆ ಮುಟ್ಟಿತೋ ಇಲ್ಲವೋ, ಕಡ್ಡಿಗೇನು ಗೊತ್ತು?"

"ಕಡ್ಡಿಗೇನು ಗೊತ್ತು," ಎಂದ ನಾಣಿ.

"ಅದಿರಲಿ, ಆ ರೂಟರನ್ನ ಎಲ್ಲಿಟ್ಟಿದ್ದೀಯೋ?" ರಾಯರು ಕೇಳಿದರು.

"ಟೀವಿ ಹಿಂದೆ, ಶೋಕೇಸಿನೊಳಗೆ. ಹೊರಗಿದ್ರೆ ಅಸಹ್ಯ ಕಾಣತ್ತೆ ಅಂತ ಮನೇಲಿ ಗಲಾಟೆ."

"ಎಂಟು ಕೊಂಬಿಗೆ ದುಡ್ಡು ಕೊಟ್ಟು ತಂದು ಬಾಗಿಲು ಹಾಕಿಟ್ಟಿದ್ದೀಯಾ! ಭೇಷ್."

ವಿಮಲಕ್ಕ ಬಿಡಿಸಿ ಹೇಳಿದಳು. ಟೀವಿಯ ಬೆನ್ನಿನ ಲೋಹದ ತಗಡು, ನಿಲುವುಗನ್ನಡಿ, ಕಬ್ಬಿಣದ ಬೀರು, ಮೀನಿನ ತೊಟ್ಟಿ, ಇವೆಲ್ಲ ಸಿಗ್ನಲ್ಲಿಗೆ ಶತ್ರುಗಳು. ಎಲ್ಲಕ್ಕಿಂತ ದೊಡ್ಡ ಶತ್ರು ಒಳಗೆ ಕಂಬಿ ಜಾಲ ಇರುವ ಕಾಂಕ್ರೀಟ್ ಸ್ಲ್ಯಾಬು. ಅದರಲ್ಲಿ ದೊಡ್ಡ ತೂತು ಅಂತ ಇರೋದು ಒಂದೇ, ಮೆಟ್ಟಿಲ ಹತ್ತಿರ. ರೂಟರನ್ನ ಅಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ಬಯಲಿಗೆ ತೂಗುಹಾಕಬೇಕು. "ಇನ್ನೊಂದು. ನೆಟ್ಟಗೆ ನಿಂತ ಆ್ಯಂಟೆನಾ ಸುತ್ತ ಪಕ್ಕಕ್ಕೆ ಬೀರತ್ತೆ, ತನ್ನ ನೆತ್ತಿಯ ಮೇಲಕ್ಕೆ ಬೀರೋದು ತೀರ ಕಮ್ಮಿ. ನಿನ್ನ ಎಂಟೂ ನೆಟ್ಟಗೆ ನಿಂತಿವೆಯಲ್ಲ, ಎರಡನ್ನ ಅಡ್ಡಡ್ಡ ಮಲಗಿಸು. ದುಡ್ಡಿಲ್ಲದ ಚಿಕಿತ್ಸೆ."

"ಮಲಗಿಸಬಾರದು ಅಂತ ಒಬ್ಬ ವಿಡಿಯೊದಲ್ಲಿ..."

"ಅವನ ಮನೆಗೆ ಮಹಡಿ ಇರಲಿಕ್ಕಿಲ್ಲ."

ಶೀನಿ ಸೋಲೊಪ್ಪಲಿಲ್ಲ. ವೈಫೈಯನ್ನ 5 ಗಿಗಾಹರ್ಟ್ಸ್ ಅಲೆಗೆ ಹಾಕಿದರೆ ಎಲ್ಲ ಸರಿಹೋಗತ್ತೆ ಅಂತ ಕೇಳಿದ್ದನಂತೆ. ವಿಮಲಕ್ಕ ತಲೆಯಾಡಿಸಿದಳು. 5 ಗಿಗಾಹರ್ಟ್ಸ್ ವೇಗಿ ನಿಜ, ಆದರೆ ಗೋಡೆ ಕಂಡರೆ ಸುಸ್ತು. 2.4 ನಿಧಾನಿ, ಆದರೂ ಗೋಡೆ ಒಂದಿಷ್ಟು ದಾಟತ್ತೆ. 6 ಗಿಗಾಹರ್ಟ್ಸಿನ ಹೊಸಬ ಬಂದಿದ್ದಾನಲ್ಲ, ಅವನು ಇನ್ನೂ ಸುಕುಮಾರ.

"ಅದಕ್ಕೇ ನಾನು ಮೊದಲೇ ಒಂದು ರಿಪೀಟರ್ ತಂದೆ," ಎಂದ ಶೀನಿ. "ಸಿಗ್ನಲ್ ಇಲ್ಲದ ರೂಮಲ್ಲೇ ಹಾಕಿದೆ. ಫೋನಲ್ಲಿ ಕಡ್ಡಿ ಪೂರ್ತಿ ಬಂತು, ಇಂಟರ್ನೆಟ್ ಮಾತ್ರ ಬರಲಿಲ್ಲ."

"ಹೇಗೆ ಬರತ್ತೆ? ರಿಪೀಟರ್ ಅಂದ್ರೆ ನಮ್ಮ ನಾಣಿ. ತಾನಾಗಿ ಏನೂ ಹೇಳಲ್ಲ, ಕೇಳಿಸಿಕೊಂಡಿದ್ದನ್ನ ತಿರುಗಿ ಹೇಳ್ತಾನೆ."

"ತಿರುಗಿ ಹೇಳ್ತೀನಿ," ಎಂದ ನಾಣಿ, ಸ್ವಲ್ಪ ಹೆಮ್ಮೆಯಿಂದಲೇ.

"ಅವನನ್ನ ಏನೂ ಕೇಳಿಸದ ಜಾಗದಲ್ಲಿ ಕೂರಿಸಿದರೆ ಏನು ಹೇಳಿಯಾನು? ಸುಮ್ಮನೆ ಬಾಯಿ ಅಗಲಿಸ್ತಾನೆ. ನೀನು ಕಂಡ ಪೂರ್ತಿ ಕಡ್ಡಿ ಅದೇ ಬಾಯಿ."

"ಹಾಗಾದ್ರೆ ಎಲ್ಲಿಡಬೇಕು?"

"ಫೋನಿಗೆ ವೈಫೈ ಅಳೆಯೋ ಆ್ಯಪ್ ಹಾಕ್ಕೊ. ಸಿಗ್ನಲಿನ ಕಸುವು ಡಿಬಿಎಂ ಅನ್ನೋ ಲೆಕ್ಕದಲ್ಲಿ, ಮೈನಸ್ಸಲ್ಲಿ ಬರತ್ತೆ. ಮೈನಸ್ 50 ಅಂದ್ರೆ ಸುಖ, ಮೈನಸ್ 67ರವರೆಗೆ ವಿಡಿಯೊ ಕರೆ ನಡೆಯತ್ತೆ, ಮೈನಸ್ 80 ಅಂದ್ರೆ ಕೊನೆಯುಸಿರು. 3 ಇಳಿದರೆ ಸಿಗ್ನಲಿನ ಕಸುವು ಅರ್ಧ ಆಯ್ತು ಅಂತಲೇ. ಮೆಟ್ಟಿಲು ಹತ್ತುತ್ತಾ ಹೋಗು, ಮೈನಸ್ 60ರ ಆಸುಪಾಸು ಬಂದ ಕಡೆ ನಿಲ್ಲಿಸು. ಸಾಮಾನ್ಯವಾಗಿ ಮೆಟ್ಟಿಲು ತಿರುಗೋ ಜಾಗ ಅದು. ರಿಪೀಟರ್ ಇರಬೇಕಾದ್ದು ಅಲ್ಲಿ, ರೂಮಲ್ಲಲ್ಲ."

"ಇಟ್ಟರೆ ವೇಗ ಪೂರ್ತಿ ಸಿಗತ್ತಾ?" ರಾಯರ ಪ್ರಶ್ನೆ.

"ಎಲ್ಲಿ ಸಿಗತ್ತೆ ರಾಯರೇ? ನಾನು ಒಂದು ಮಾತು ಹೇಳಬೇಕು, ಆಮೇಲೆ ನಾಣಿ ಅದನ್ನೇ ಹೇಳಬೇಕು. ಅವನು ಹೇಳುವಾಗ ನಾನು ಬಾಯಿ ಮುಚ್ಚಿಕೊಂಡಿರಬೇಕು. ಸಿಗ್ನಲ್ ಕೇಳೋಕೂ ಕಳಿಸೋಕೂ ಒಂದೇ ರೇಡಿಯೊ ಇರೋ ರಿಪೀಟರಲ್ಲಿ ಹೀಗೆ ಹೆಚ್ಚುಕಮ್ಮಿ ಅರ್ಧ ವೇಗ ಸೋರಿಹೋಗತ್ತೆ."

"ಅರ್ಧ ಸೋರಿಹೋಗತ್ತೆ."

"ನೋಡಿ, ಈಗಷ್ಟೇ ಹೋಯಿತು."

ಆಗ ಶೀನಿ ಜೋರಾಗಿ, ಹಾಗಾದರೆ ರೇಡಿಯೊ ಎರಡಿರುವುದು ಬರುವುದಿಲ್ಲವೇ ಎಂದ. ರಾಯರು ಅದೇ ಹೊತ್ತಿಗೆ ತಮ್ಮ ಪಕ್ಕದ ಮನೆಯ ವೈಫೈ ತಮ್ಮ ಮಂಚದವರೆಗೂ ಬರುವ ವಿಷಯ ತೆಗೆದರು. ನಾಣಿ ಇಬ್ಬರನ್ನೂ ರಿಪೀಟ್ ಮಾಡಲು ಹೋಗಿ ಕೆಮ್ಮಿದ.

"ಇದೇ ನೋಡಿ ಚಾನೆಲ್ 6!" ವಿಮಲಕ್ಕ ಕೈ ತಟ್ಟಿದಳು. "ಎಲ್ಲರೂ ಒಂದೇ ಚಾನೆಲಲ್ಲಿ ಕೂತರೆ ಯಾರ ಮಾತೂ ಮುಂದೆ ಹೋಗಲ್ಲ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಚಾನೆಲಿನ ಅಗಲ 20 ಮೆಗಾಹರ್ಟ್ಸೇ ಇರಲಿ, 40 ಮಾಡಿದರೆ ಅಕ್ಕಪಕ್ಕದವರ ಗಲಾಟೆಯೆಲ್ಲ ಒಳಗೆ. ಕೆಳಗಿನದಕ್ಕೆ 1, ಮೇಲಿನದಕ್ಕೆ 11 ಅಂತ ಹಂಚು. ಈ ಹಂಚಿಕೆ ಬೇರೆ ಬೇರೆ ಆ್ಯಕ್ಸೆಸ್ ಪಾಯಿಂಟ್, ಅಂದ್ರೆ ತಂತಿಯಲ್ಲಿ ಬಂದ ಇಂಟರ್ನೆಟ್ಟನ್ನ ವೈಫೈ ಮಾಡಿ ಬೀರೋ ಡಬ್ಬಿ, ಇದ್ದಾಗ ಮಾತ್ರ. ಒಂದೇ ರೇಡಿಯೊದ ರಿಪೀಟರಿಗೆ ಆ ಭಾಗ್ಯವಿಲ್ಲ, ತಾನು ಕೇಳಿಸಿಕೊಳ್ಳೋ ಚಾನೆಲಲ್ಲೇ ಇರಬೇಕು."

ಶೀನಿಯ ಮುಖ ಅರಳಿತು. "ನಾನೀಗ ಅದನ್ನೆಲ್ಲ ದಾಟಿದ್ದೀನಿ ವಿಮಲಕ್ಕ. ಮೆಶ್ ತಂದಿದ್ದೀನಿ, ಡಬ್ಬಿಗಳೆಲ್ಲ ಒಂದಕ್ಕೊಂದು ಮಾತಾಡಿಕೊಂಡು ಇಡೀ ಮನೆಗೆ ಒಂದೇ ವೈಫೈ ಕೊಡೋ ಸೆಟ್ಟು. ಮೂರು ಡಬ್ಬಿ. ಮಹಡಿಗೊಂದು."

"ಮೆಶ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಅದಕ್ಕೆ ಜನ ತೋರಿಸೋ ಭಕ್ತಿ ನೋಡಿದರೆ ಮೈ ಉರಿಯತ್ತೆ. ಮೂರು ಡಬ್ಬಿ ಮಾತಾಡಿಕೊಳ್ಳೋದು ಯಾವುದರ ಮೂಲಕ? ಅದೇ ಸ್ಲ್ಯಾಬಿನ ಮೂಲಕ. ಕಂಬಿಗೆ ಮೆಶ್ ಅಂತ ಹೇಳಿದರೆ ದಾರಿ ಬಿಡತ್ತಾ? ಒಳ್ಳೆ ಸೆಟ್ಟಲ್ಲಿ ಡಬ್ಬಿ ಡಬ್ಬಿ ನಡುವಿನ ಮಾತಿಗೇ ಒಂದು ರೇಡಿಯೊ ಮೀಸಲಿರತ್ತೆ, ಅದು ಪರವಾಗಿಲ್ಲ. ಆದರೂ ಕೆಳಗಿನದು ನಡುವಿನದಕ್ಕೆ, ನಡುವಿನದು ಮೇಲಿನದಕ್ಕೆ ಅಂತ ದಾಟಿಸೋ ಹೊತ್ತಿಗೆ ಮೇಲೆ ಉಳಿಯೋದು ಪ್ರಸಾದ."

"ಫೋನು ತಾನಾಗೇ ಹತ್ತಿರದ ಡಬ್ಬಿ ಹಿಡಿಯತ್ತಲ್ಲ?"

"ಹಿಡಿಯೋದು ಬಿಡೋದು ಫೋನಿನ ಇಷ್ಟ. ಡಬ್ಬಿ ಸಲಹೆ ಕೊಡಬಹುದು ಅಷ್ಟೇ. ಕೆಲವು ಫೋನುಗಳು ಕೆಳಗಿನ ಡಬ್ಬಿಯ ಸೆರಗು ಹಿಡಿದೇ ಮೂರನೇ ಮಹಡಿಗೆ ಹೋಗತ್ತೆ. ಆಗ ಡಬ್ಬಿಯ ಪವರ್ ಸ್ವಲ್ಪ ಇಳಿಸಬೇಕು. ಏರಿಸೋದಲ್ಲ, ಇಳಿಸೋದು! ಇದನ್ನ ಹೇಳಿದರೆ ಯಾರೂ ನಂಬಲ್ಲ."

ರಾಯರು ಕರೆಂಟಿನ ವೈರಲ್ಲೇ ಇಂಟರ್ನೆಟ್ ಹಾಯಿಸುವ ಅಡಾಪ್ಟರಿನ ಮಾತೆತ್ತಿದರು. ಎರಡೂ ತುದಿ ಒಂದೇ ಫೇಸಿನಲ್ಲಿದ್ದರೆ, ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕದೆ ಗೋಡೆಯ ಸಾಕೆಟ್ಟಿಗೇ ಹಾಕಿದರೆ ನೋಡಬಹುದು. ತ್ರೀ ಫೇಸ್ ಮನೆಯಲ್ಲಿ ಮೇಲೊಂದು ಫೇಸು ಕೆಳಗೊಂದು ಫೇಸು ಇದ್ದರೆ ಕಷ್ಟ, ಎಂದು ವಿಮಲಕ್ಕ ಅದನ್ನು ಅಲ್ಲಿಗೇ ಮುಗಿಸಿದಳು.

"ಇಷ್ಟಕ್ಕೆಲ್ಲ ಮದ್ದು ಒಂದೇ. ಒಂದು ಕೇಬಲ್ ಎಳಿ."

"ಗೋಡೆ ಒಡೆಯಲ್ಲ!" ಶೀನಿ ಎದ್ದೇ ನಿಂತ.

"ಯಾರು ಒಡಿ ಅಂದರು? ಮನೆ ಕಟ್ಟಿದಾಗ ಮೇಲಿನ ರೂಮಿಗೆ ಟೆಲಿಫೋನ್ ಪೈಪು ಹಾಕಿದ್ದಾರೆ. ನಿಮ್ಮ ಬಾಗಿಲ ಹಿಂದೆ ಖಾಲಿ ಪ್ಲೇಟೊಂದು ಇಲ್ಲವಾ, ಕ್ಯಾಲೆಂಡರ್ ತೂಗುಹಾಕಿದ್ದೀರಲ್ಲ?"

"ಓ, ಪ್ಯಾರಲಲ್ ಫೋನು!" ರಾಯರ ಕಣ್ಣು ಹೊಳೆಯಿತು. "ಮೇಲೆ ಯಾರಾದರೂ ಎತ್ತಿದರೆ ಕೆಳಗೆ ಟಕ್ ಅಂತ ಕೇಳೋದು. ಇಡೀ ಮನೆಗೆ ಒಂದೇ ನಂಬರು. ಯಾರಿಗೆ ಬಂದಿದೆ ಅಂತ ಎತ್ತೋವರೆಗೂ ತಿಳಿಯದು. ಎತ್ತಿದವರು ನಾಲ್ಕು ಮಾತು ಆಡಿಯೇ ಕೊಡಬೇಕು. ನಮ್ಮಣ್ಣನ ಗೆಳೆಯರೆಲ್ಲ ನನಗೆ ಗೆಳೆಯರಾಗಿದ್ದು ಹಾಗೇ. ನನ್ನ ಮಗನ ಗೆಳೆಯರ ದನಿ ಹೇಗಿದೆಯೋ ನನಗೆ ಗೊತ್ತಿಲ್ಲ ಕಣಯ್ಯ."

ನಾಣಿ ಅದನ್ನು ರಿಪೀಟ್ ಮಾಡಲಿಲ್ಲ.

ವಿಮಲಕ್ಕನೇ ಮಾತು ಎತ್ತಿಕೊಂಡಳು. "ಆ ಹಳೇ ತಂತಿಯೇ ಈಗ ನಿನಗೆ ಹಗ್ಗ. ಒಂದು ತುದಿ ಅಲ್ಲಾಡಿಸು, ಇನ್ನೊಂದು ತುದಿ ಅಲ್ಲಾಡಿದರೆ ದಾರಿ ಸಲೀಸು. ಅದರ ತುದಿಗೆ ಕ್ಯಾಟ್ 6 ಅನ್ನೋ ನೆಟ್‌ವರ್ಕ್ ಕೇಬಲ್ ಸೇರಿಸಿ, ಗಂಟು ದಪ್ಪ ಆಗದ ಹಾಗೆ ಮೊನಚಾಗಿ ಟೇಪು ಸುತ್ತು. ಜೊತೆಗೊಂದು ನೈಲಾನ್ ದಾರವನ್ನೂ ಕಟ್ಟು, ಮುಂದೆ ಬೇಕಾಗತ್ತೆ. ಒಬ್ಬರು ಮೇಲಿಂದ ಎಳೀಬೇಕು, ಒಬ್ಬರು ಕೆಳಗಿಂದ ತಳ್ಳಬೇಕು. 11 ಕೆಜಿ ತೂಕ ಎತ್ತೋ ಬಲಕ್ಕಿಂತ ಹೆಚ್ಚು ಹಾಕಿದರೆ ಒಳಗಿನ ಜೋಡಿ ಎಳೆಗಳು ಕೆಡುತ್ತವೆ. ಕರೆಂಟಿನ ಪೈಪಿನೊಳಗೆ ಮಾತ್ರ ತೂರಿಸಬೇಡ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳು, ತಾಮ್ರ ಬಳಿದ ಅಲ್ಯೂಮಿನಿಯಂ ಕೊಟ್ಟು ಕಳಿಸ್ತಾರೆ."

"ಎಷ್ಟು ದೂರ ಎಳೀಬಹುದು?"

"100 ಮೀಟರ್. ನಿನ್ನ ಮನೆ ಅರಮನೆಯಾದರೂ ಸಾಕು. ಎಳೆದ ಮೇಲೆ ಕನೆಕ್ಟರ್ ಹಾಕು, ಮೊದಲೇ ಹಾಕಿದರೆ ಪೈಪಲ್ಲಿ ಸಿಕ್ಕಿಕೊಳ್ಳತ್ತೆ. ಎಂಟೂ ತಂತಿ ಎರಡೂ ತುದಿಯಲ್ಲಿ ಒಂದೇ ಕ್ರಮದಲ್ಲಿ ಕೂರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಗಿಗಾಬಿಟ್ ವೇಗ ಬರೋ ಕಡೆ 100 ಮೆಗಾಬಿಟ್ಟಿಗೇ ನಿಂತರೆ ಒಂದು ತಂತಿ ಸರಿಯಾಗಿ ಕೂತಿಲ್ಲ ಅಂತ ತಿಳ್ಕೊ, ಕತ್ತರಿಸಿ ಹೊಸದು ಹಾಕು."

"ಮೇಲೆ ಏನು ಸಿಕ್ಕಿಸಲಿ? ಎಂಟು ಕೊಂಬಿಂದೋ, ಮೆಶ್ಶೋ?"

"ಮೆಶ್ ಇದೆಯಲ್ಲ, ಕೇಬಲನ್ನ ಮೇಲಿನ ಡಬ್ಬಿಗೆ ಚುಚ್ಚು. ಈಗ ಬರೋವು ಸಾಮಾನ್ಯವಾಗಿ ತಾವೇ ಗುರುತು ಹಿಡಿದು ಗಾಳಿ ಬಿಟ್ಟು ತಂತಿಗೆ ಬರುತ್ತವೆ. ಮೆಶ್ಶನ್ನ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಕೆಳಗಿನ ಹಳೇ ರೂಟರಿನ ವೈಫೈ ಆರಿಸು. ಮೆಶ್ಶೇ ಬೇಡ, ಇನ್ನೊಂದು ಹಳೇ ರೂಟರನ್ನ ಮೇಲಿಡ್ತೀನಿ ಅಂದ್ರೆ ಅದರ ಡಿಹೆಚ್‌ಸಿಪಿ, ಅಂದ್ರೆ ಫೋನುಗಳಿಗೆ ವಿಳಾಸ ಹಂಚೋ ಕೆಲಸ, ಆರಿಸು. ಕೆಳಗಿನದರ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡು. ಕೇಬಲ್ ಚುಚ್ಚೋದು ಲ್ಯಾನ್ ಅಂತ ಬರೆದ ಪೋರ್ಟಿಗೆ, ವ್ಯಾನ್ ಅಂತ ಬರೆದದ್ದಕ್ಕಲ್ಲ. ಹೆಸರು, ಪಾಸ್‌ವರ್ಡ್ ಎರಡರದ್ದೂ ಒಂದೇ ಇರಲಿ, ಚಾನೆಲ್ ಬೇರೆ."

ಶೀನಿ ಬೆರಳು ಮಡಚಿ ಲೆಕ್ಕ ಹಾಕಿದ. "ಮೆಶ್ಶಲ್ಲಿ ಎರಡು ಸಾಕಾದರೆ ಒಂದು ಮಿಕ್ಕತ್ತೆ. ರಿಪೀಟರೂ ಮಿಕ್ಕತ್ತೆ. ಏನು ಮಾಡಲಿ?"

"ರಾಯರಿಗೆ ಕೊಡು."

"ನನ್ನ ಮನೆಗೆ ಮಹಡಿಯೇ ಇಲ್ಲವಲ್ಲಮ್ಮ," ಎಂದರು ರಾಯರು.

ನಾಣಿ ಮೊದಲ ಸಲ ಸ್ವಂತ ಮಾತಾಡಿದ: "ಬಿಟ್ಟಿ ಬಂದಾಗ ಮಹಡಿ ಯಾಕೆ ನೋಡ್ತೀರಿ ರಾಯರೇ? ತಗೊಳ್ಳಿ, ಆಮೇಲೆ ಕಟ್ಟಿಸಿದರಾಯಿತು."